ಉರು ಹೊಡೆದ ಯಂತ್ರ

2020ರ ಮೊದಲ ತಿಂಗಳುಗಳು. ಕೊರೊನಾ ವೈರಸ್ ದೇಶದಿಂದ ದೇಶಕ್ಕೆ ಹಬ್ಬುತ್ತಿತ್ತು. ಮೂಗು, ಗಂಟಲಿನ ದ್ರವ ತೆಗೆದು ಪರೀಕ್ಷೆಗೆ ಕಳಿಸಿದರೆ ಫಲಿತಾಂಶಕ್ಕಾಗಿ ಎಷ್ಟೋ ಕಡೆ ದಿನಗಟ್ಟಲೆ ಕಾಯಬೇಕಿತ್ತು. ಎಕ್ಸ್‌ರೇ ಯಂತ್ರವಾದರೋ ಸಣ್ಣ ಪಟ್ಟಣದ ಆಸ್ಪತ್ರೆಗಳಲ್ಲೂ ಉಂಟು. ಎದೆಯ ಚಿತ್ರ ನೋಡಿದೊಡನೆ ‘ಇದು ಕೋವಿಡ್’ ಎಂದು ಹೇಳಬಲ್ಲ ಕಂಪ್ಯೂಟರ್ ಒಂದಿದ್ದರೆ ಎಷ್ಟು ಜೀವ ಉಳಿದೀತು! ಜಗತ್ತಿನ ಅನೇಕ ಸಂಶೋಧಕರಿಗೆ ಒಂದೇ ಕಾಲಕ್ಕೆ ಈ ವಿಚಾರ ಹೊಳೆಯಿತು. ಕೃತಕ ಬುದ್ಧಿಮತ್ತೆಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದಿದ್ದೀತು?

ಇಂಥ ಯಂತ್ರಕ್ಕೆ ಕಲಿಸುವ ವಿಧಾನ ಸರಳ. ಸಾವಿರಾರು ಚಿತ್ರಗಳನ್ನು ತೋರಿಸುತ್ತ ‘ಇದು ಕೋವಿಡ್’, ‘ಇದು ಅಲ್ಲ’ ಎಂದು ಹೇಳುತ್ತ ಹೋಗುವುದು. ಶ್ವಾಸಕೋಶದ ಯಾವ ಭಾಗವನ್ನು ನೋಡಬೇಕು, ಯಾವ ಕಲೆಯನ್ನು ಗಮನಿಸಬೇಕು ಎಂದು ಯಾರೂ ತಿಳಿಸುವುದಿಲ್ಲ. ಎರಡು ಗುಂಪುಗಳ ನಡುವಿನ ವ್ಯತ್ಯಾಸವನ್ನು ಅದೇ ಹುಡುಕಿಕೊಳ್ಳುತ್ತದೆ. ಅದರ ಬಲವೂ ಅದೇ, ಅಪಾಯವೂ ಅದೇ.

ಆ ವರ್ಷದ ಅಕ್ಟೋಬರ್ ಆರಂಭದ ಹೊತ್ತಿಗೆ ಈ ಬಗ್ಗೆ ಬಂದಿದ್ದ ಬರಹಗಳನ್ನೆಲ್ಲ ಕೇಂಬ್ರಿಜ್ ವಿಶ್ವವಿದ್ಯಾಲಯದ ಮೈಕೇಲ್ ರಾಬರ್ಟ್ಸ್ ಮತ್ತು ಸಂಗಡಿಗರು ಒಟ್ಟುಗೂಡಿಸಿದರು. ಸಿಕ್ಕವು 2,212. ಮೊದಲ ಜರಡಿಯಲ್ಲಿ 415 ಉಳಿದವು. ಗುಣಮಟ್ಟದ ಜರಡಿ ಹಿಡಿದಾಗ 62. ಆ 62ರಲ್ಲಿ ಆಸ್ಪತ್ರೆಯಲ್ಲಿ ನಂಬಿ ಬಳಸಬಹುದಾದದ್ದು ಒಂದೂ ಇರಲಿಲ್ಲ! 2021ರ ಮಾರ್ಚ್‌ನಲ್ಲಿ ಈ ವರದಿ ಪ್ರಕಟವಾಯಿತು.

ಆಗಿದ್ದೇನು? ಹಾಸಿಗೆಯಿಂದ ಏಳಲಾಗದ ರೋಗಿಗಳಿಗೆ ಮಲಗಿದಂತೆಯೇ ಎಕ್ಸ್‌ರೇ ತೆಗೆಯುತ್ತಾರೆ. ಉಳಿದವರಿಗೆ ನಿಲ್ಲಿಸಿ ತೆಗೆಯುತ್ತಾರೆ. ಯಂತ್ರವೊಂದು ರೋಗವನ್ನು ಗುರುತಿಸುವ ಬದಲು ಮಲಗಿದ ಭಂಗಿಯನ್ನು ಗುರುತಿಸಲು ಕಲಿತಿತ್ತು. ಇನ್ನು ಕೆಲವೆಡೆ ಕೋವಿಡ್ ಇಲ್ಲದವರ ಚಿತ್ರಗಳೆಂದು ಕೊಟ್ಟದ್ದು ಪುಟ್ಟ ಮಕ್ಕಳ ಎದೆಯ ಚಿತ್ರಗಳನ್ನು. ಕೋವಿಡ್ ಚಿತ್ರಗಳೋ ದೊಡ್ಡವರವು. ಆ ಯಂತ್ರ ಕಲಿತದ್ದು ಮಕ್ಕಳಾರು, ದೊಡ್ಡವರಾರು ಎಂಬುದನ್ನು. ಮತ್ತೂ ಕೆಲವು, ಚಿತ್ರದ ಮೂಲೆಯಲ್ಲಿ ಆಸ್ಪತ್ರೆಯವರು ಮುದ್ರಿಸಿದ್ದ ಅಕ್ಷರಗಳ ಆಕಾರವನ್ನೇ ಗುರುತು ಇಟ್ಟುಕೊಂಡಿದ್ದವು. ಅಭ್ಯಾಸದ ಚಿತ್ರಗಳಲ್ಲಿ ಒಳ್ಳೆಯ ಅಂಕ. ಹೊಸ ಆಸ್ಪತ್ರೆಯ ಹೊಸ ರೋಗಿ ಬಂದರೆ ತಬ್ಬಿಬ್ಬು.

ಗೈಡಿನ ಲೆಕ್ಕಗಳನ್ನು ಉರು ಹೊಡೆದ ವಿದ್ಯಾರ್ಥಿಯ ಪಾಡೂ ಹೀಗೆಯೇ ಅಲ್ಲವೇ? ಅದೇ ಲೆಕ್ಕ ಬಂದರೆ ನೂರಕ್ಕೆ ನೂರು. ಮಾವಿನಹಣ್ಣಿನ ಜಾಗದಲ್ಲಿ ತೆಂಗಿನಕಾಯಿ ಬಂದರೆ ಪೆನ್ನು ಕಚ್ಚುತ್ತ ಕೂರಬೇಕು. ‘ಪುಸ್ತಕದ ಬದನೆಕಾಯಿ’ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಇಲ್ಲಿ ಪಣಕ್ಕಿಟ್ಟದ್ದು ಅಂಕವಲ್ಲ, ಪ್ರಾಣ. ನಡೆದುಕೊಂಡು ಬಂದು, ನಿಂತು ಎಕ್ಸ್‌ರೇ ತೆಗೆಸಿಕೊಂಡ ಸೋಂಕಿತನನ್ನು ‘ಏನೂ ಇಲ್ಲ’ ಎಂದು ಅಂಥ ಯಂತ್ರ ಮನೆಗೆ ಕಳಿಸಿದ್ದರೆ ಆ ಮನೆಯ ಗತಿಯೇನು?

ಹಾಗೆಂದು ಕೃತಕ ಬುದ್ಧಿಮತ್ತೆಯೇ ನಿಷ್ಪ್ರಯೋಜಕ ಎಂದು ತೀರ್ಮಾನಿಸುವುದು ಆತುರವಾದೀತು. ಅದೇ 2020ರಲ್ಲಿ ಗ್ರೀಸ್ ದೇಶದಲ್ಲಿ ನಡೆದದ್ದನ್ನು ನೋಡಿ. ಪ್ರವಾಸೋದ್ಯಮವನ್ನೇ ನೆಚ್ಚಿದ ಆ ದೇಶ ಬೇಸಿಗೆಯಲ್ಲಿ ಗಡಿ ತೆರೆಯಿತು. ಬಂದವರನ್ನೆಲ್ಲ ಪರೀಕ್ಷಿಸುವಷ್ಟು ಸೌಲಭ್ಯ ಇರಲಿಲ್ಲ. ಯಾರನ್ನು ಪರೀಕ್ಷಿಸಬೇಕು, ಯಾರನ್ನು ಬಿಡಬೇಕು? ಆಗಸ್ಟ್‌ನಿಂದ ನವೆಂಬರ್ 1ರವರೆಗೆ ಈ ಆಯ್ಕೆಗೆ ನೆರವಾದದ್ದು ‘ಈವಾ’ ಎಂಬ ವ್ಯವಸ್ಥೆ. ವಿಮಾನ ನಿಲ್ದಾಣ, ಬಂದರು, ರಸ್ತೆ ಗಡಿ ಸೇರಿ 40 ಪ್ರವೇಶದ್ವಾರಗಳಲ್ಲಿ ಅದು ಕೆಲಸ ಮಾಡಿತು.

ಪ್ರಯಾಣಿಕರು ಮೊದಲೇ ತುಂಬಿ ಕಳಿಸಿದ ಅರ್ಜಿಯಿಂದ ಅದು ತೆಗೆದುಕೊಳ್ಳುತ್ತಿದ್ದದ್ದು ಊರು, ವಯಸ್ಸು, ಲಿಂಗದಂಥ ಕೆಲವೇ ವಿವರಗಳನ್ನು. ಸೋಂಕು ಹೆಚ್ಚಾಗಿ ಕಂಡ ಗುಂಪಿಗೆ ಹೆಚ್ಚು ಪರೀಕ್ಷೆ, ಇದು ಯಾರಿಗಾದರೂ ಹೊಳೆಯುವ ಮಾತು. ಈವಾದ ಜಾಣತನ ಇದ್ದದ್ದು ಬೇರೆಡೆ. ಯಾವ ಗುಂಪಿನ ಬಗ್ಗೆ ತನಗೆ ಸಾಕಷ್ಟು ಮಾಹಿತಿ ಇಲ್ಲವೋ ಆ ಗುಂಪಿಗೂ ಒಂದು ಪಾಲು ಪರೀಕ್ಷೆಗಳನ್ನು ಅದು ಮೀಸಲಿಡುತ್ತಿತ್ತು. ನಿನ್ನೆ ಮೊನ್ನೆಯ ಫಲಿತಾಂಶ ಬಂದ ಕೂಡಲೇ ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತಿತ್ತು. ಮನಸ್ಸಿಗೆ ಬಂದವರನ್ನು ಕರೆದು ಪರೀಕ್ಷಿಸಿದ್ದರೆ ಸಿಗಬಹುದಾಗಿದ್ದ ಲಕ್ಷಣರಹಿತ ಸೋಂಕಿತರ 1.85ರಷ್ಟು ಪಟ್ಟು ಜನ ಈ ವಿಧಾನದಿಂದ ಪತ್ತೆಯಾದರು ಎಂದು 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಲೇಖನ ಅಂದಾಜು ಮಾಡಿತು.

ಎರಡೂ ಕಡೆ ಇದ್ದದ್ದು ಕಂಪ್ಯೂಟರೇ, ಲೆಕ್ಕಾಚಾರವೇ. ಒಂದು, ಸರಿ ಉತ್ತರದ ಹೊರನೋಟವನ್ನು ಹಿಡಿದು ಪಾಸಾಯಿತು. ಇನ್ನೊಂದು, ತನಗೆ ಗೊತ್ತಿಲ್ಲದ್ದು ಎಲ್ಲಿದೆ ಎಂದು ಹುಡುಕಿಕೊಂಡು ಹೋಯಿತು. ಹೊರಜಗತ್ತು ದಿನವೂ ಕೊಟ್ಟ ಉತ್ತರದ ಮುಂದೆ ತಲೆಬಾಗಿತು. ಈ ಗುಣ ಯಂತ್ರಕ್ಕೆ ತಾನಾಗಿ ಬಂದದ್ದಲ್ಲ, ರೂಪಿಸಿದವರು ಇಟ್ಟದ್ದು. ಎಕ್ಸ್‌ರೇ ಯಂತ್ರಗಳ ದೋಷವೂ ಯಂತ್ರದ್ದಲ್ಲ. ಚಿತ್ರಗಳು ಎಲ್ಲಿಂದ ಬಂದವು, ಯಾರವು ಎಂದು ಕಲಿಸುವವರು ಸರಿಯಾಗಿ ವಿಚಾರಿಸಿರಲಿಲ್ಲ, ಅಷ್ಟೆ.

ಮುಂದೊಂದು ದಿನ ಮತ್ತೊಂದು ಸಾಂಕ್ರಾಮಿಕ ಬಂದೇ ಬರುತ್ತದೆ. ಅದನ್ನು ಎದುರಿಸುವ ಯಂತ್ರಗಳನ್ನು ರೂಪಿಸುವವರು ಇಂದು ಶಾಲೆಯ ಬೆಂಚಿನ ಮೇಲೆ ಕುಳಿತಿದ್ದಾರೆ. ‘ಎಷ್ಟು ಅಂಕ ಬಂತು?’ ಎಂದು ಮನೆಯಲ್ಲಿ ಕೇಳುವುದು ಸಹಜ. ಅದರ ಜೊತೆಗೆ ‘ಯಾವುದು ತಿಳಿಯಲಿಲ್ಲ?’ ಎಂದೂ ಒಂದು ಮಾತು ಕೇಳಿದರೆ, ಗದರಿಸದೆ ಉತ್ತರ ಆಲಿಸಿದರೆ, ಆ ತಯಾರಿ ಮನೆಯಿಂದಲೇ ಶುರುವಾದಂತೆ.