ಬೀಗ ಕೊಡ್ಲಕ್, ಬೀಗದ್ ಕೈ ಕೊಡುಕಾಗ

"ಎಂತ ಮರಾಯ್ತಿ, ರಾತ್ರಿ ಹನ್ನೆರಡ್ ಗಂಟಿಗೂ ನಿಮ್ಮನಿ ಲೈಟ್ ಉರೀತಾ ಇತ್ತಲೆ?" ಅಂತ ಆಚೆಮನೆ ಅಕ್ಕ ಕೇಂಡ್ರ್. "ಕೆಲ್ಸ ಇದ್ದಿತ್" ಅಂದೇಳಿ ಜಾರ್ಕಂಡೆ. ನಿಜ ಎಂತದ್ದು ಅಂತ ಇವತ್ತು ಹೇಳ್ತೆ.

ಮಗಳು ಹುಟ್ಟಿದ ಮೇಲೆ ಬಿಟ್ಟ ಕಂಪ್ಯೂಟರ್ ಕೆಲಸಕ್ಕೆ ಆರು ವರ್ಷ ಕಳೆದು ಮತ್ತೆ ಸೇರಿದ್ದೇನೆ. ಬೈಂದೂರಿನ ಮನೆಯಲ್ಲೇ ಕೂಕಂಡ್ ಮಾಡುದ್. ನಾವು ಬರೆದ ಕೋಡ್ ಎಲ್ಲ ಗಿಟ್‌ಹಬ್‌ನಲ್ಲಿ ಇರ್ತದೆ. ನಮ್ಮ ಸ್ವಸಹಾಯ ಸಂಘದ ಲೆಕ್ಕದ ಪುಸ್ತಕ ಇದ್ದ ಹಾಗೆ ಅದು: ಯಾರು ಎಂತ ಬರೆದರು, ಯಾವಾಗ ತಿದ್ದಿದರು, ಎಲ್ಲ ಅದರಲ್ಲಿ ಉಳೀತದೆ. ಹಿಂದೆಲ್ಲ ಪಾಸ್‌ವರ್ಡ್ ಹಾಕಿ ಕೋಡ್ ಕಳಿಸ್ತಿದ್ದೆ. 2021ರ ಆಗಸ್ಟ್ 13ರಿಂದ ಅದು ನಡೆಯುವುದಿಲ್ಲ. ನಮ್ಮ ಆಫೀಸಲ್ಲಿ ಈಗ ಎಸ್‌ಎಸ್‌ಎಚ್ ಕೀ.

ಬ್ರಹ್ಮಾವರದ ಅಕ್ಕನ ಮಗ ಫೋನಲ್ಲೇ ಹೇಳಿಕೊಟ್ಟ. "ಚಿಕ್ಕಿ, ಎಸ್‌ಎಸ್‌ಎಚ್-ಕೀಜೆನ್ ಅಂದೇಳಿ ಟೈಪ್ ಮಾಡಿ. ಎರಡ್ ಫೈಲ್ ಬತ್ತ್. ಹೆಸ್ರಿನ ಕೊನೆಗ್ 'ಡಾಟ್ ಪಬ್' ಇಪ್ಪುದ್ ಬೀಗ, ಅದನ್ನ್ ಯಾರಿಗ್ ಬೇಕಾರೂ ಕೊಡ್ಲಕ್. ಇನ್ನೊಂದ್ ಬೀಗದ್ ಕೈ. ಅದ್ ನಿಮ್ ಕಂಪ್ಯೂಟರ್ ಬಿಟ್ಟ್ ಹೊರ್ಗ್ ಹೋಪುಕಾಗ." ನಡುವೆ ಪಾಸ್‌ಫ್ರೇಸ್ ಕೇಳಿತು. ಕೈಗೂ ಒಂದು ಗುಟ್ಟಿನ ಮಾತು ಕಟ್ಟಿಡುದ್ ಅಂಬ್ರ್. ಯಾರು ನೆನಪಿಡುದ್ ಅಂದೇಳಿ ಖಾಲಿ ಬಿಟ್ಟೆ. ಡಾಟ್ ಪಬ್ ಫೈಲಿನಲ್ಲಿದ್ದ ಒಂದು ಸಾಲನ್ನು ಗಿಟ್‌ಹಬ್‌ಗೆ ಹಾಕಿದೆ. ಬೆಳಗಿನ ಕೆಲಸ ಸಲೀಸು ಆಯ್ತು.

ಸಂಜೆ ಆಫೀಸಿನಿಂದ "ಸರ್ವರಿಗೂ ನಿಮ್ಮ ಕೀ ಕಳಿಸಿ" ಅಂದರು. ಒಲೆ ಮೇಲೆ ಸಾರು, ಹೊರಗೆ ಮಳೆ, ಕರೆಂಟ್ ಹೋತಾ ಬತ್ತಾ ಇತ್ತ್. ಗಡಿಬಿಡಿಯಲ್ಲಿ ಕಾಪಿ ಮಾಡಿ ಗುಂಪಿಗೆ ಹಾಕಿದೆ. ಗುಂಪಲ್ಲಿ ಇಪ್ಪತ್ತು ಜನ. ಮಲಗುವ ಮೊದಲು ಮತ್ತೊಮ್ಮೆ ಕಂಡರೆ, ಮೊದಲ ಸಾಲಲ್ಲೇ 'ಪ್ರೈವೇಟ್ ಕೀ' ಅಂತ ಇತ್ತು!

ಎದೆ ಧಸಕ್ಕೆಂದಿತು. ಆರು ವರ್ಷ ಮನೆಯಲ್ಲಿ ಇದ್ದವಳಿಗೆ ಎಂತ ಗೊತ್ತಿರ್ತದೆ ಅಂತ ಎಲ್ಲರೂ ಅಂದ್ಕಂಬ್ರ್. ಮೆಸೇಜ್ ಅಳಿಸಿ ಸುಮ್ಮನಿರುವ ಅಂತ ಬೆರಳು ಆಗಲೇ ಹೋಗಿತ್ತು.

ನೀರು ಕುಡಿಯಲು ಎದ್ದ ಅತ್ತೆ ನನ್ನ ಮುಖ ಕಂಡು ವಿಚಾರಿಸಿದರು. ಹೇಳಿದೆ. "ಕೋಟೇಶ್ವರ ಕೊಡಿಹಬ್ಬಕ್ಕೆ ಹೋಪತಿಗೆ ನಾನ್ ಬೀಗದ್ ಕೈ ಕಳ್ಕಂಡಿದ್ದೆ, ಗೊತ್ತಿತ್ತಲೆ? ಮರುದಿನ ಸಿಕ್ತ್. ಆರೂ ನಿನ್ನ್ ಮಾವ ಬೀಗವೇ ಬದ್ಲ್ ಮಾಡ್ರ್. ನಡೂಗೆ ಅದ್ ಯಾರ್ ಕೈಲಿ ಇದ್ದಿತ್ ಅಂದೇಳಿ ಯಾರಿಗ್ ಗೊತ್ತ್?"

ಅಷ್ಟು ಸಾಕಾಯಿತು. ಗುಂಪಲ್ಲಿ ಬರೆದೆ: "ತಪ್ಪಿ ಪ್ರೈವೇಟ್ ಕೀ ಕಳಿಸಿದ್ದೇನೆ. ದಯವಿಟ್ಟು ಬಳಸಬೇಡಿ, ಬದಲಾಯಿಸ್ತಾ ಇದ್ದೇನೆ." ಗಿಟ್‌ಹಬ್‌ನಿಂದ ಹಳೆ ಬೀಗ ತೆಗೆದೆ. ಹೊಸ ಜೋಡಿ ಮಾಡಿದೆ, ಈ ಸಲ ಪಾಸ್‌ಫ್ರೇಸ್ ಹಾಕಿ. ಡಾಟ್ ಪಬ್ ಅಂತ ಎರಡು ಸಲ ಓದಿ ಕಳಿಸಿದೆ. ಪರೀಕ್ಷೆ ಮಾಡಿದಾಗ ಗಿಟ್‌ಹಬ್ 'ಹಾಯ್' ಅಂದೇಳಿ ನನ್ನ ಖಾತೆಯ ಹೆಸರು ಹಿಡಿದು ಕರೆಯಿತು. ಆಗ ಹನ್ನೆರಡು ದಾಟಿತ್ತು.

ಬೆಳಿಗ್ಗೆ ಟೀಮಿನ ಹಿರಿಯರು "ಕೂಡಲೇ ಹೇಳಿದ್ದು ಒಳ್ಳೇದಾಯ್ತು" ಅಂದರು, ಅಷ್ಟೇ. ಜೊತೆಗೆ ಒಂದು ಸುದ್ದಿ ಹೇಳಿದರು: 2023ರ ಮಾರ್ಚಿನಲ್ಲಿ ಗಿಟ್‌ಹಬ್‌ನ ಸ್ವಂತ ಪ್ರೈವೇಟ್ ಕೀಯೇ ತಪ್ಪಿ ಸ್ವಲ್ಪ ಹೊತ್ತು ಎಲ್ಲರಿಗೂ ಕಾಣುವಲ್ಲಿ ಬಿದ್ದಿತ್ತಂತೆ. ಅವರೂ ಊರಿಗೆಲ್ಲ ತಿಳಿಸಿ ಕೀ ಬದಲಾಯಿಸಿದ್ದರು.

ಆಚೆಮನೆ ಅಕ್ಕ, ಲೈಟ್ ಉರ್ದದ್ದ್ ಅದ್ಕೇ ಕಾಣಿ.