ಸಮ್ಮೇಳನಕ್ಕೊಂದು ಪ್ರವಾಸದ ಪಟ್ಟಿ

ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿಬಂದ ತಾಯಂದಿರನ್ನು ಅಲ್ಲೇನು ನೋಡಿದಿರಿ ಎಂದು ಕೇಳಿದರೆ ನಿಜ ಹೇಳುವುದು ಕಷ್ಟ. ನೋಡಿದ್ದು ಮಗಳ ಅಡಿಗೆಮನೆ, ಬಟ್ಟೆ ಒಗೆಯುವ ಯಂತ್ರ, ಕಿಟಕಿಯಾಚೆಯ ಖಾಲಿ ರಸ್ತೆ. 2023ರ ಆಗಸ್ಟಿನಲ್ಲಿ ನಾನೂ ಹಾಗೆಯೇ ಹೊರಟವಳು. ಅಷ್ಟು ವರ್ಷಗಳಿಂದ ಕೂಡಿಟ್ಟ ಗಳಿಕೆ ರಜೆಯನ್ನೆಲ್ಲ ಒಟ್ಟುಮಾಡಿ, ಮುಖ್ಯೋಪಾಧ್ಯಾಯರ ಮುಖ ಸಣ್ಣದಾದದ್ದನ್ನು ಕಂಡೂ ಕಾಣದಂತೆ, ಬಾಣಂತಿ ಖಾರ, ಓಮದ ಕಾಳು, ಮೆತ್ತಗಾದ ಹಳೆಯ ಹತ್ತಿ ಸೀರೆಗಳನ್ನು ಹೊತ್ತುಕೊಂಡು ಷಾರ್ಲಟ್ ಎಂಬ ಊರಿನಲ್ಲಿ ಇಳಿದೆ.

ನನ್ನ ಮಗಳು ಹೆರಿಗೆ ಡಾಕ್ಟರು. ಊರಿಗೆಲ್ಲ ಹೆರಿಗೆ ಮಾಡಿಸುವವಳಿಗೂ ತನ್ನ ಹೆರಿಗೆಗೆ ಅಮ್ಮ ಬೇಕು ಎಂಬುದೇ ನನಗೊಂದು ಸಮಾಧಾನ. ಅವಳ ಜೊತೆಯ ವೈದ್ಯರು ಅಕ್ಟೋಬರ್ ಕೊನೆಗೆ ಚಾರ್ಲ್ಸ್‌ಟನ್ ಎಂಬ ಹಳೆಯ ಊರಿನಲ್ಲಿ ಒಂದು ಸಮ್ಮೇಳನ ಇಟ್ಟುಕೊಂಡಿದ್ದರು. ಶುಕ್ರವಾರ, ಶನಿವಾರ ಉಪನ್ಯಾಸ. ಭಾನುವಾರ ಬಂದವರಿಗೂ ಅವರ ಮನೆಯವರಿಗೂ ಊರು ತೋರಿಸುವುದು. ಮಗಳು ರಜೆಯಲ್ಲಿದ್ದಾಳಲ್ಲ, ಹಗುರವಾದ ಕೆಲಸ ಎಂದು ಪ್ರವಾಸದ ಏರ್ಪಾಡನ್ನು ಅವಳ ತಲೆಗೆ ಕಟ್ಟಿದ್ದರು. ಪುರುಷರು, ಮದುವೆಯಾಗದವರು ಸೇರಿ ಕೂತು ಹಂಚುವಾಗ ಯಾವುದು ಹಗುರ, ಯಾವುದು ಭಾರ ಎಂದು ಅವರಿಗೇನು ಗೊತ್ತು? ತೊಡೆಯ ಮೇಲೆ ಒಂದು ಕೂಸು, ಎದುರಿಗೆ ಕಂಪ್ಯೂಟರು, ನೂರಿಪ್ಪತ್ತು ಜನರ ಪಟ್ಟಿ. ಒಂದು ಸಂಜೆ ಅವಳೇ ಕರೆದಳು, “ಅಮ್ಮ, ನೀನು ವರ್ಷಾ ಮಕ್ಕಳನ್ನ ಪ್ರವಾಸಕ್ಕೆ ಕರಕೊಂಡು ಹೋಗ್ತೀಯಲ್ಲ, ಇದನ್ನೊಂಚೂರು ನೋಡು.”

ಈ ವಿಷಯದಲ್ಲಿ ನನಗೆ ಜಂಬವಿದೆ. ಬೇಲೂರು, ಹಳೇಬೀಡು, ಹಂಪಿ, ಬಾದಾಮಿ ಎಂದು ಶಾಲಾ ಮಕ್ಕಳನ್ನು ಕರೆದೊಯ್ದು ಒಂದು ಮಗುವನ್ನೂ ಕಳೆಯದೆ ವಾಪಸು ತಂದವಳು ನಾನು. ನನ್ನ ನಿಯಮಗಳು ಕೆಲವೇ. ದಿನಕ್ಕೆ ಮೂರಕ್ಕಿಂತ ಹೆಚ್ಚು ಸ್ಥಳ ಬೇಡ. ಮೊದಲು ಶೌಚಾಲಯ ಎಲ್ಲಿದೆ ನೋಡು, ಆಮೇಲೆ ಶಿಲ್ಪ. ಊಟದ ಹೊತ್ತು ತಪ್ಪಿಸಬೇಡ. ಬಸ್ಸು ಹತ್ತಿದಾಗಲೂ ಇಳಿದಾಗಲೂ ಹಾಜರಿ ಕರೆ. ಎಲ್ಲಕ್ಕೂ ಮೇಲೆ, ಯಾವುದಕ್ಕೂ ಇರಲಿ ಎಂದು ಅರ್ಧ ಗಂಟೆ ಕೈಯಲ್ಲಿಟ್ಟುಕೋ. ಡಾಕ್ಟರಾದರೇನು, ಪ್ರವಾಸಕ್ಕೆ ಹೊರಟ ಮೇಲೆ ಎಲ್ಲರೂ ಏಳನೇ ಕ್ಲಾಸಿನವರೇ.

ಮಗಳ ಪಟ್ಟಿಯಲ್ಲಿ ಎಂಟು ಸ್ಥಳಗಳಿದ್ದವು. 1861ರ ಏಪ್ರಿಲಿನಲ್ಲಿ ಅಮೆರಿಕದ ಅಂತರ್ಯುದ್ಧದ ಮೊದಲ ಗುಂಡುಗಳು ಹಾರಿದ್ದು ಅಲ್ಲಿಯ ಬಂದರಿನ ಬಾಯಲ್ಲಿರುವ ಸಮ್ಟರ್ ಕೋಟೆಯ ಮೇಲೆ. ಅಲ್ಲಿಗೆ ದೋಣಿಯಲ್ಲಿ ಹೋಗಿಬರುವುದಕ್ಕೇ ಎರಡು ಗಂಟೆಗೂ ಹೆಚ್ಚು ಬೇಕು. ನಾನು ಅದನ್ನು ಮೊದಲು ಹೊಡೆದು ಹಾಕಿದೆ. ಕುದುರೆ ಗಾಡಿ ಬೇಕಾದವರಿಗೆ ಬೇಕಾದ ಹಾಗೆ. ಉಳಿದವು ಬಣ್ಣಬಣ್ಣದ ಹದಿಮೂರು ಮನೆಗಳ ಸಾಲು, ಪೇಟೆ, ಮತ್ತು ಆಷ್ಲಿ ನದಿಯ ದಡದ ಮಿಡ್ಲ್‌ಟನ್ ಎಂಬ ಹಳೆಯ ಎಸ್ಟೇಟು, ಅಲ್ಲಿ ಮಧ್ಯಾಹ್ನದ ಊಟ. “1741ರಲ್ಲಿ ಶುರುವಾದ ತೋಟ ಅಮ್ಮ, ಬಹಳ ಚಂದ” ಎಂದಳು. “ಏನು ಬೆಳೀತಿದ್ದರು?” ಎಂದೆ. “ಭತ್ತ” ಎಂದಳು.

ಭತ್ತ ಎಂದೊಡನೆ ನನ್ನ ಕಿವಿ ನೆಟ್ಟಗಾಯಿತು. ನಾನು ಶಿಕಾರಿಪುರದ ಕಡೆಯವಳು, ಗದ್ದೆಯ ಬದುವಿನಲ್ಲೇ ಬೆಳೆದವಳು. ಭತ್ತ ಎಂದರೆ ಮೊಣಕಾಲುದ್ದ ಕೆಸರು, ಜಿಗಣೆ, ಹಾವು, ಬಗ್ಗಿ ಬಗ್ಗಿ ಬಿಲ್ಲಾದ ಬೆನ್ನು. ಚಂದದ ಮನೆಯವರು ಆ ಕೆಸರಿಗೆ ಇಳಿದಿರಲಾರರು. ಹಾಗಾದರೆ ಇಳಿದವರು ಯಾರು?

ಸೆಪ್ಟೆಂಬರಿನ ಒಂದು ಶನಿವಾರ ಅಳಿಯಂದಿರು ನಮ್ಮನ್ನು ಕಾರಿನಲ್ಲಿ ಚಾರ್ಲ್ಸ್‌ಟನ್ನಿಗೆ ಕರೆದುಕೊಂಡು ಹೋದರು. ಪ್ರವಾಸಕ್ಕೆ ಮೊದಲು ಸ್ಥಳ ನೋಡಿಬರಬೇಕೆಂಬುದು ಕೂಡ ನನ್ನದೇ ನಿಯಮ. ಆಷ್ಲಿ, ಕೂಪರ್ ಎಂಬ ಎರಡು ನದಿಗಳ ನಡುವೆ ಸಮುದ್ರದತ್ತ ಚಾಚಿಕೊಂಡ ಊರು; 1670ರಲ್ಲಿ ಇಂಗ್ಲಿಷರು ಬಂದು ನೆಲೆಸಿದ್ದು. ಮನೆಗಳ ಕಿರಿದಾದ ಮುಖ ಬೀದಿಗೆ, ಉದ್ದನೆಯ ಜಗಲಿ ಪಕ್ಕಕ್ಕೆ, ಸಮುದ್ರದ ಗಾಳಿ ಹಿಡಿಯಲಿ ಎಂದು. ಸೆಖೆಯ ಊರಿನವರು ಎಲ್ಲಿದ್ದರೂ ಜಗಲಿಗೆ ಮರುಳಾದವರೇ.

ಪೇಟೆಯಲ್ಲಿ ಹೆಂಗಸರು ಒಂದು ಜಾತಿಯ ಹುಲ್ಲಿನಲ್ಲಿ ಬುಟ್ಟಿ ಹೆಣೆಯುತ್ತ ಕುಳಿತಿದ್ದರು. ನಡುವೆ ಅಗಲವಾಗಿ, ದುಂಡಗೆ, ಅಂಚು ತುಸು ಎತ್ತಿದ್ದೊಂದು ಕಂಡಿತು. ಕೈಗೆತ್ತಿಕೊಂಡೆ. ನನ್ನ ಅಜ್ಜಿಯ ಗೆರಸೆ! ತಿಳಿಯದೆಯೇ ಎರಡು ಸಲ ಕೇರುವ ಹಾಗೆ ಕೈ ಆಡಿಸಿದೆ. ಮಾರುತ್ತಿದ್ದ ಹಿರಿಯ ಹೆಂಗಸು ದೊಡ್ಡದಾಗಿ ನಕ್ಕು ಮಗಳಿಗೆ ಏನೋ ಹೇಳಿದರು. “ನಿಮ್ಮ ಅಮ್ಮನಿಗೆ ಇದು ಏನಕ್ಕೆ ಅಂತ ಗೊತ್ತಿದೆ ಅಂತಿದ್ದಾರೆ” ಎಂದಳು ಮಗಳು. ಅದು ಭತ್ತ ಕೇರುವ ಬುಟ್ಟಿಯೇ. ಪಶ್ಚಿಮ ಆಫ್ರಿಕದಲ್ಲಿ ಭತ್ತ ಬೆಳೆಯುತ್ತಿದ್ದವರನ್ನು ಹಿಡಿದು ತಂದು ಇಲ್ಲಿಯ ಜೌಗು ನೆಲದಲ್ಲಿ ದುಡಿಸಿದರು. ಅವರು ಕೈಬೀಸಿಕೊಂಡು ಬಂದರೂ ಬುಟ್ಟಿ ಹೆಣೆಯುವ ವಿದ್ಯೆ ಬೆರಳಿನಲ್ಲೇ ಬಂತು. ಊರಿನ ಸಿರಿವಂತಿಕೆಗೆಲ್ಲ ಮೂಲ ಆ ಅಕ್ಕಿ.

ಅಲ್ಲಿಂದ ಚಾಮರ್ಸ್ ಬೀದಿಗೆ ಹೋದೆವು. ಗುಂಡುಕಲ್ಲು ಹಾಸಿದ ಬೀದಿ; ಮಗುವಿನ ಗಾಡಿ ಕುಣಿದಾಡಿತು. ದಿನ ತುಂಬಿದ ಬಸುರಿಯರನ್ನು ಈ ಬೀದಿಯಲ್ಲಿ ಗಾಡಿಯಲ್ಲಿ ಕೂರಿಸಿ ಒಯ್ದರೆ ಹೆರಿಗೆ ನೋವು ಬರುತ್ತದೆ ಎಂದು ಅಲ್ಲಿಯವರು ತಮಾಷೆ ಮಾಡುತ್ತಾರಂತೆ. “ನಿಮ್ಮ ಡಾಕ್ಟರುಗಳಿಗೆ ಇದನ್ನು ತೋರಿಸಲೇಬೇಕು” ಎಂದು ನಾವು ನಗುತ್ತಿದ್ದಾಗಲೇ ಎದುರಿಗೆ ಕಮಾನಿನ ಒಂದು ಕಟ್ಟಡ. 1859ರದು, ಗುಲಾಮರನ್ನು ಹರಾಜು ಹಾಕುತ್ತಿದ್ದ ಮಾರುಕಟ್ಟೆ, ಈಗ ವಸ್ತುಸಂಗ್ರಹಾಲಯ. ಅಲ್ಲಿಂದಾಚೆ ನಗು ಬರಲಿಲ್ಲ.

ಉತ್ತರ ಅಮೆರಿಕಕ್ಕೆ ಹೀಗೆ ತಂದ ಆಫ್ರಿಕನ್ನರಲ್ಲಿ ನೂರಕ್ಕೆ ನಲವತ್ತರಷ್ಟು ಮಂದಿ ಇದೇ ಬಂದರಿನಲ್ಲಿ ಇಳಿದರೆಂದು ಅಂದಾಜು. ಅವರಲ್ಲಿ ಬಹಳ ಜನ ಇಳಿದ ಗ್ಯಾಡ್ಸ್‌ಡನ್ ಕಟ್ಟೆಯ ಜಾಗದಲ್ಲೇ 2023ರ ಜೂನಿನಲ್ಲಿ ಅವರ ಚರಿತ್ರೆಯ ದೊಡ್ಡ ವಸ್ತುಸಂಗ್ರಹಾಲಯ ತೆರೆಯಿತು. ಆ ನೆಲವನ್ನು ಮೆಟ್ಟಬಾರದೆಂಬಂತೆ ಕಟ್ಟಡ ಕಂಬಗಳ ಮೇಲೆ ನಿಂತಿದೆ.

ವಾಪಸು ಬರುವಾಗ ವೈದ್ಯಕೀಯ ಕಾಲೇಜಿನ ಮುಂದೆ ಹಾದೆವು. 1824ರಲ್ಲಿ ಆರಂಭವಾದದ್ದು, ದಕ್ಷಿಣದ ರಾಜ್ಯಗಳಲ್ಲಿ ಎಲ್ಲಕ್ಕಿಂತ ಹಳೆಯದು. 1969ರಲ್ಲಿ ಅಲ್ಲಿಯ ಆಸ್ಪತ್ರೆಯ ಕೆಲಸಗಾರರು, ಹೆಚ್ಚಿನವರು ಕಪ್ಪು ಹೆಂಗಸರು, ನೂರು ದಿನಗಳಷ್ಟು ಕಾಲ ಮುಷ್ಕರ ಹೂಡಿದ್ದರು. ಅವರಿಗೆ ಸಿಗುತ್ತಿದ್ದದ್ದು ಗಂಟೆಗೆ 1 ಡಾಲರ್ 30 ಸೆಂಟ್. ಗಂಡನನ್ನು ಕಳೆದುಕೊಂಡು ವರ್ಷವಷ್ಟೇ ಆಗಿದ್ದ ಕೊರೆಟ್ಟಾ ಸ್ಕಾಟ್ ಕಿಂಗ್ ಬಂದು ಅವರ ಜೊತೆ ನಡೆದರು. ನಮ್ಮ ಆಸ್ಪತ್ರೆಗಳ ಆಯಾಗಳು ನೆನಪಾದರು. ಹೆತ್ತ ಮೇಲೆ ಡಾಕ್ಟರಿಗೆ ಸೀರೆ, ಸಿಹಿ ಕೊಡುತ್ತೇವೆ. ರಾತ್ರಿಯಿಡೀ ಸೊಂಟ ನೀವಿದವರ ಹೆಸರು ಕೇಳಿದವರು ನಮ್ಮಲ್ಲಿ ಎಷ್ಟು ಜನ?

ಅಂದು ರಾತ್ರಿ ನಾನು ಪಟ್ಟಿ ಬದಲಿಸೋಣ ಎಂದೆ. ಹೊಸ ವಸ್ತುಸಂಗ್ರಹಾಲಯವೂ ಚಾಮರ್ಸ್ ಬೀದಿಯೂ ಸೇರಲಿ. ಮಗಳಿಗೆ ಸರಿಬರಲಿಲ್ಲ. “ಬರುವವರು ಒಂದು ದಿನ ಹಾಯಾಗಿರೋಣ ಅಂತ ಬರ್ತಾರೆ. ನಾನು ಹೊರಗಿನಿಂದ ಬಂದವಳು, ಅವರ ಮನೆಯ ಹಳೇ ಗಾಯ ನಾನ್ಯಾಕೆ ಕೆದಕಲಿ? ನೀನು ಬೇಲೂರಿಗೆ ಹೋದಾಗ ಕಲ್ಲು ಹೊತ್ತವರ ಕಥೆ ಹೇಳ್ತೀಯಾ?” ನಾನು ಸುಮ್ಮನಾದೆ. ಮಾತು ನಿಜವಿತ್ತು. ವಿಷ್ಣುವರ್ಧನ, ಶಾಂತಲೆ ಎಂದು ಪಾಠ ಒಪ್ಪಿಸುವವಳು ನಾನು.

ನಡುರಾತ್ರಿ ಕೂಸು ಎದ್ದಿತು. ಹಾಲು ಕುಡಿಸುತ್ತ ಮಗಳೇ ಮಾತು ತೆಗೆದಳು. “ಅಮ್ಮ, ನಾನು ದಿನಾ ಕೈಯಲ್ಲಿ ಹಿಡಿಯೋ ಒಂದು ಉಪಕರಣವಿದೆ. ಸಿಮ್ಸ್ ಸ್ಪೆಕ್ಯುಲಂ ಅಂತ. ನಮ್ಮೂರ ತಾಲ್ಲೂಕು ಆಸ್ಪತ್ರೆಯಲ್ಲೂ ಇರುತ್ತೆ. ಆ ಸಿಮ್ಸ್ ಚಾರ್ಲ್ಸ್‌ಟನ್ನಿನ ಕಾಲೇಜಿನಲ್ಲೇ ಮೊದಲು ಓದಿದ್ದು.” ಆಮೇಲೆ ಆತ ಅಲಬಾಮಾ ರಾಜ್ಯದ ಮಾಂಟ್‌ಗಮರಿಯಲ್ಲಿ ವೈದ್ಯನಾದ. ಹೆರಿಗೆ ದಿನಗಟ್ಟಲೆ ತಡೆದರೆ ಮೂತ್ರಕೋಶದ ಗೋಡೆ ಹರಿದು, ಜೀವಮಾನವೆಲ್ಲ ಮೂತ್ರ ತಾನಾಗಿ ಸೋರುತ್ತಿರುತ್ತದೆ, ಫಿಸ್ಟುಲಾ ಎನ್ನುತ್ತಾರೆ. ಅದನ್ನು ಹೊಲಿಯುವ ವಿಧಾನವನ್ನು ಆತ 1845ರಿಂದ 1849ರವರೆಗೆ ಗುಲಾಮ ಹೆಂಗಸರ ಮೈಮೇಲೆ ಪ್ರಯೋಗ ಮಾಡಿ ಕಂಡುಕೊಂಡ. ಅರಿವಳಿಕೆ ಕೊಡದೆ. ಬೇಡ ಎನ್ನುವ ಹಕ್ಕು ಅವರಿಗಿರಲಿಲ್ಲ. ಒಬ್ಬಳಿಗೆ ಮೂವತ್ತು ಸಲ ಶಸ್ತ್ರಕ್ರಿಯೆ ನಡೆಯಿತು. ನ್ಯೂಯಾರ್ಕಿನ ಉದ್ಯಾನದಲ್ಲಿದ್ದ ಆತನ ಪ್ರತಿಮೆಯನ್ನು 2018ರಲ್ಲಿ ತೆಗೆದರು.

“ಅವಳ ಹೆಸರು?” ಎಂದೆ.

“ಅನಾರ್ಕಾ. ಇನ್ನಿಬ್ಬರ ಹೆಸರು ಬೆಟ್ಸಿ, ಲೂಸಿ. ಉಳಿದವರ ಹೆಸರು ಅವನು ಬರೆದಿಡಲಿಲ್ಲ.”

ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ನಮ್ಮ ಹಳ್ಳಿಯ ಮನೆಯೊಂದರ ಹಿತ್ತಿಲು. ಕೊಟ್ಟಿಗೆಗೆ ಹೊಂದಿಕೊಂಡ ಸಣ್ಣ ಕೋಣೆಯಲ್ಲಿ ಒಬ್ಬ ಹೆಂಗಸು ಇದ್ದರು. ಮೊದಲ ಹೆರಿಗೆಯಲ್ಲಿ ಮಗು ಉಳಿಯಲಿಲ್ಲವಂತೆ. ಆಮೇಲಿಂದ ಮೈಯಿಂದ ಸದಾ ವಾಸನೆ. ಗಂಡನ ಮನೆಯವರು ತವರಿಗೆ ತಂದುಬಿಟ್ಟಿದ್ದರು. ತಾಟು ಬೇರೆ, ಚಾಪೆ ಬೇರೆ. ನಾವು ಮಕ್ಕಳು ಮೂಗು ಮುಚ್ಚಿಕೊಂಡು ಓಡುತ್ತಿದ್ದೆವು. ‘ಹಿತ್ತಿಲ ಕೋಣೆಯವರು’ ಎಂದೇ ಎಲ್ಲರೂ ಅನ್ನುತ್ತಿದ್ದದ್ದು. ಅದು ಅವರ ಪಾಪವಲ್ಲ, ಹೊಲಿದರೆ ವಾಸಿಯಾಗಬಹುದಾದ ಗಾಯ ಎಂದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ, ಸಮುದ್ರದಾಚೆ, ಮಗಳ ಬಾಯಿಂದ. ಆ ವಿದ್ಯೆ ಬಂದ ದಾರಿ ಘೋರವಾದದ್ದು. ಆ ವಿದ್ಯೆ ನಮ್ಮ ಹಿತ್ತಿಲವರೆಗೆ ಬರದೇ ಹೋದದ್ದೂ ಘೋರವೇ. ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಲು ನನಗೆ ಬರುವುದಿಲ್ಲ.

ಬೆಳಿಗ್ಗೆ ಮಗಳಿಗೆ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕಂಪ್ಯೂಟರ್ ತೆರೆದು, “ಮಿಡ್ಲ್‌ಟನ್ ಇರಲಿ ಅಮ್ಮ. ಅಲ್ಲಿ ಎಲೈಜಾಳ ಮನೆ ಅಂತ ಒಂದಿದೆ. ಆ ಕುಟುಂಬದ ಗುಲಾಮರಾಗಿದ್ದವರ ಎರಡು ಸಾವಿರಕ್ಕೂ ಹೆಚ್ಚು ಹೆಸರು ಅಲ್ಲಿ ಹಾಕಿದ್ದಾರೆ. ಮೊದಲು ಅದು, ಆಮೇಲೆ ತೋಟ, ಊಟ. ಮಧ್ಯಾಹ್ನ ಹೊಸ ವಸ್ತುಸಂಗ್ರಹಾಲಯ. ಸಂಜೆ ಚಾಮರ್ಸ್ ಬೀದಿ, ಬಣ್ಣದ ಮನೆಗಳು” ಎಂದಳು. ಜನರನ್ನು ನಲವತ್ತು ನಲವತ್ತರಂತೆ ಮೂರು ಗುಂಪು ಮಾಡಿದೆವು.

ಶನಿವಾರ ರಾತ್ರಿ ಊಟದ ಮೊದಲು ಪ್ರವಾಸದ ವಿವರ ಹೇಳಲು ಅವಳು ಎದ್ದು ನಿಂತಳು. ನಾನು ಹಿಂದಿನ ಸಾಲಿನಲ್ಲಿ ಕೂಸಿನೊಡನೆ ಕುಳಿತಿದ್ದೆ. ಬಸ್ಸಿನ ವೇಳೆ ಹೇಳಿ, ನಾಳೆಯ ಸ್ಥಳಗಳನ್ನು ಹೇಳಿ, “ನಾವೆಲ್ಲ ದಿನಾ ಒಬ್ಬನ ಹೆಸರು ಹೇಳುತ್ತೇವೆ, ಇವತ್ತು ಮೂರು ಹೆಸರು ಹೇಳುತ್ತೇನೆ” ಎಂದು ಆ ಮೂವರ ಹೆಸರು ಹೇಳಿ ಕುಳಿತಳು. ಚಮಚದ ಸದ್ದು ನಿಂತಿತು. ಚಪ್ಪಾಳೆ ಬೀಳಲಿಲ್ಲ, ಬೀಳುವ ಸಂದರ್ಭವೂ ಅಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ ಬೀದಿಯಲ್ಲಿ ನೀರು! ಮಳೆಯಿಲ್ಲ, ನಿರ್ಮಲ ಆಕಾಶ. ಹಿಂದಿನ ದಿನ ಹುಣ್ಣಿಮೆ. ಸಮುದ್ರ ಉಕ್ಕಿ ಚರಂಡಿಗಳ ಮೂಲಕ ಉಪ್ಪುನೀರು ರಸ್ತೆಗೆ ಬಂದಿತ್ತು. ತಗ್ಗಿನ ಊರು, ಇತ್ತೀಚೆಗೆ ಇದು ಪದೇ ಪದೇ ಆಗುತ್ತದಂತೆ. ಬಸ್ಸುಗಳು ಸುತ್ತಿ ಬಳಸಿ ಬರುವಷ್ಟರಲ್ಲಿ ಇಪ್ಪತ್ತೈದು ನಿಮಿಷ ತಡ. ಕೈಯಲ್ಲಿಟ್ಟುಕೊಂಡ ಅರ್ಧ ಗಂಟೆ ಕಾಪಾಡಿತು. ಅಳಿಯಂದಿರು “ಅತ್ತೆ, ನಿಮ್ಮ ಲೆಕ್ಕವೇ ಲೆಕ್ಕ” ಎಂದರು. ಆ ಹುಣ್ಣಿಮೆ ನಮ್ಮ ಮಲೆನಾಡಿನ ಭೂಮಿಹುಣ್ಣಿಮೆ. ಹೊಡೆ ತುಂಬಿದ ಭತ್ತವನ್ನು ಬಸುರಿಯೆಂದು ಭಾವಿಸಿ, ಗದ್ದೆಗೇ ಹೋಗಿ ಭೂಮಿತಾಯಿಗೆ ಬಯಕೆಯ ಊಟ ಬಡಿಸುವ ಹಬ್ಬ. ಮಿಡ್ಲ್‌ಟನ್ನಿನ ನದಿದಡದಲ್ಲಿ ನಿಂತಾಗ, ಇಲ್ಲಿ ದುಡಿದ ಬಸುರಿಯರಿಗೆ ಯಾರು ಬಡಿಸಿದ್ದರೋ ಎನಿಸಿತು.

ಎಲ್ಲರಿಗೂ ಮೆಚ್ಚಿಗೆಯಾಯಿತು ಎಂದರೆ ಸುಳ್ಳಾದೀತು. ಹೂವು ನೋಡಲು ಬಂದಿದ್ದೆವು ಎಂದು ಒಬ್ಬರು ನಮ್ಮ ಎದುರಿಗೇ ಗೊಣಗಿದರು. ಇನ್ನೊಬ್ಬರು, ವಯಸ್ಸಾದ ವೈದ್ಯೆ, ಎಲೈಜಾಳ ಮನೆಯ ಹೆಸರುಗಳ ಮುಂದೆ ಕನ್ನಡಕ ತೆಗೆದು ಒರೆಸುತ್ತ ಬಹಳ ಹೊತ್ತು ನಿಂತರು. ಬಸ್ಸಿನಲ್ಲಿ ಹಾಜರಿ ಕರೆದಾಗ ಅವರೊಬ್ಬರೇ ಕಡಿಮೆ. ಕಾದೆವು.

ಊರಿಗೆ ಬಂದ ಮೇಲೆ ಆ ಡಿಸೆಂಬರಿನಲ್ಲಿ ಮಕ್ಕಳನ್ನು ಬೇಲೂರಿಗೆ ಕರೆದುಕೊಂಡು ಹೋದೆ. ಈ ಸಲ ಶಿಲ್ಪಿಗಳ ಹೆಸರಿನ ಕತೆ ಹೇಳಿದೆ: ನಮ್ಮ ತಾಲ್ಲೂಕಿನ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕಲ್ಲಿನಲ್ಲೇ ಕೊರೆದಿದ್ದಾರೆ ಎಂದು. ಕಲ್ಲು ಹೊತ್ತವರ ಹೆಸರೆಲ್ಲಿ ಟೀಚರ್ ಎಂದು ಒಬ್ಬ ಹುಡುಗಿ ಕೇಳಿದಳು. ಅದನ್ನೇ ಕೇಳಲಿ ಎಂದು ನಾನೂ ಕಾಯುತ್ತಿದ್ದೆ.

ಸಂಕ್ರಾಂತಿಗೆ ತವರಿಗೆ ಹೋದಾಗ, ಎಂಬತ್ತು ದಾಟಿದ ಚಿಕ್ಕಮ್ಮನನ್ನು ಹಿತ್ತಿಲ ಕೋಣೆಯವರ ಹೆಸರೇನು ಎಂದು ಕೇಳಿದೆ. “ಅದ್ಯಾಕೆ ಈಗ?” ಎಂದರು. ಅವರೆಕಾಳು ಬಿಡಿಸುತ್ತ ಬಹಳ ಹೊತ್ತು ಯೋಚಿಸಿ, ಕೊನೆಗೆ ಹೇಳಿದರು. ಒಳ್ಳೆಯ, ಅಪರೂಪದ ಹೆಸರು. ಅವರ ಮನೆಯವರು ಇನ್ನೂ ಇದ್ದಾರೆ, ಇಲ್ಲಿ ಬರೆಯುವುದು ತರವಲ್ಲ. ನನ್ನ ಪ್ರವಾಸದ ಪುಸ್ತಕದಲ್ಲಿ, ಆ ಮೂರು ಹೆಸರುಗಳ ಕೆಳಗೆ ಬರೆದುಕೊಂಡಿದ್ದೇನೆ.