ಎಡ ರಟ್ಟೆಯ ಗುರುತು

ಕಬ್ಬಿನ ಹಂಗಾಮು ಬಂತೆಂದರೆ ಅಥಣಿ, ಕಾಗವಾಡ, ರಾಯಬಾಗದ ಹೊಲಗಳ ಬದಿಗೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯಲು ಬರುವ ಗ್ಯಾಂಗುಗಳ ಗುಡಿಸಲು ಏಳುತ್ತವೆ. ಆ ಗುಡಿಸಲಿನ ಕೂಸುಗಳಿಗೂ ಪೆಂಟಾ ಲಸಿಕೆ ಹಾಕಬೇಕಾದ್ದು 6, 10, 14ನೇ ವಾರಕ್ಕೆ, ದಡಾರದ್ದು 9 ತಿಂಗಳಿಗೆ. ಅಷ್ಟರಲ್ಲಿ ಗ್ಯಾಂಗು ಎಷ್ಟು ಊರು ದಾಟಿರುತ್ತದೋ!

ನಿಪ್ಪಾಣಿ, ಚಿಕ್ಕೋಡಿಯಲ್ಲಿ ಇನ್ನೊಂದು ಪಜೀತಿ. ಎಷ್ಟೋ ಸೊಸೆಯಂದಿರ ತವರು ಕೊಲ್ಹಾಪುರ, ಇಚಲಕರಂಜಿ. ಬಾಣಂತನ ಅಲ್ಲಿ, ಮೊದಲ ಸೂಜಿ ಅಲ್ಲಿ, ಕಾರ್ಡೂ ಅಲ್ಲೇ. "ಹಿಂದಿನ ಸೂಜಿ ಯಾವ್ದು ಆಗೇತ್ರಿ?" ಅಂತ ಆಶಾ ಅಕ್ಕ ಕೇಳಿದರೆ ಅತ್ತೆ ಕೂಸಿನ ಎಡ ರಟ್ಟೆಯ ಬಿಸಿಜಿ ಗುರುತು ತೋರಿಸುತ್ತಾರೆ. ಉಳಿದವುಗಳಿಗೆ ಗುರುತೆಲ್ಲಿ?

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅಂದಾಜಿನಂತೆ, ಭಾರತದಲ್ಲಿ ಪೆಂಟಾದ ಒಂದು ಡೋಸೂ ಸಿಗದ ಮಕ್ಕಳು 2023ರಲ್ಲಿ 16 ಲಕ್ಷ, 2024ರಲ್ಲಿ 9 ಲಕ್ಷ. ಕೋವಿಡ್ ನಂತರ ಇದು ಸಣ್ಣ ಸಾಧನೆಯಲ್ಲ. ಒಟ್ಟಾರೆ ಜಗತ್ತು 2024ರಲ್ಲೂ ಕೋವಿಡ್‌ಗಿಂತ ಮುಂಚಿನ 2019ರ ಮಟ್ಟಕ್ಕೆ ತಲುಪಿರಲಿಲ್ಲ. ಆದರೆ ನಮ್ಮಲ್ಲಿ ಉಳಿದ ಮಕ್ಕಳನ್ನು ಹುಡುಕುವುದೇ ಕಷ್ಟ, ಅವರಲ್ಲಿ ಕೆಲವರು ಇಂಥ ಗುಡಿಸಲುಗಳಲ್ಲೂ ಇರುತ್ತಾರೆ.

ಸಕ್ಕರೆ ಕಾರ್ಖಾನೆಗಳು ಗ್ಯಾಂಗಿನ ಪಟ್ಟಿಯ ಒಂದು ಪ್ರತಿಯನ್ನು ಊರಿನ ಆರೋಗ್ಯ ಕೇಂದ್ರಕ್ಕೆ ಕೊಟ್ಟರೆ ಅರ್ಧ ಅಲೆದಾಟ ತಪ್ಪೀತು. ಗ್ಯಾಂಗನ್ನು ಕರೆತರುವ ಮುಕಾದಮನಿಗೆ ಕೊಟ್ಟ ಮುಂಗಡದ ಲೆಕ್ಕವನ್ನಂತೂ ಚೊಕ್ಕವಾಗಿ ಇಟ್ಟಿರುತ್ತಾರಲ್ಲ.